ಪಾಚಿ ಸಾಕಿದ ಅಂಜುಬುರುಕ ಸರ್

ಅವರು ಕರೆಂಟಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅದಕ್ಕೆಂದೇ ಒಂದು ಮರದ ಅಳತೆಪಟ್ಟಿ ಬಾಗಿಲ ಹಿಂದೆ ಇರುತ್ತಿತ್ತು. ಬೆಳಿಗ್ಗೆ ಬಂದವರೇ ಚರ್ಮದ ಚಪ್ಪಲಿ ಬಿಟ್ಟು ರಬ್ಬರಿನ ಚಪ್ಪಲಿ ಮೆಟ್ಟಿ, ಆ ಪಟ್ಟಿಯನ್ನು ಉದ್ದಕ್ಕೆ ಚಾಚಿ, ಹುತ್ತಕ್ಕೆ ಕೋಲು ಹಾಕುವವರ ಹಾಗೆ ಸ್ವಿಚ್ಚನ್ನು ತಿವಿಯುತ್ತಿದ್ದರು. ದೀಪ ಹತ್ತಿದ ಮೇಲೆ ಒಂದು ನಿಟ್ಟುಸಿರು. ಆಮೇಲೆ ದಿನ ಶುರು.

ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅದೇ ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಹೆಂಗಸು ನಾನು. ಹುದ್ದೆಗೆ ಅಟೆಂಡರ್ ಎಂದು ಹೆಸರು, ಅದೂ ಆಗ ತಾತ್ಕಾಲಿಕ. ಈಚೆಗೆ ಸರ್ ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಾಲೇಜಿನ ಪತ್ರಿಕೆಯಲ್ಲಿ ತಮ್ಮ ಹೆಸರು ಅಚ್ಚಾದರೂ ಅಂಜುತ್ತಿದ್ದ ಮನುಷ್ಯ ಅವರು.

ಊರು ಗುತ್ತಲ. ಬಸ್ಸಿನಲ್ಲಿ ಓಡಾಟ. ಬಸ್ಸು ಮುಂದಿನ ಗಾಡಿಯನ್ನು ಹಿಂದೆ ಹಾಕಲು ಹೊರಟಿತೆಂದರೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಪಕ್ಕದವರು ಯಾರೇ ಇರಲಿ, "ದಾಟಿತೇನ್ರಿ? ದಾಟಿತಾ?" ಎಂದು ಕೇಳುತ್ತಿದ್ದರಂತೆ. ಒಮ್ಮೆ ಮೇಡ್ಲೇರಿಯ ಹೊಳೆದಂಡೆಗೆ ಪಾಚಿ ತರಲು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮೊಣಕಾಲುದ್ದದ ನೀರು. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

"ತಂಗೆವ್ವ, ಏನ ಆದ್ರೂ ಹಗ್ಗ ಬಿಡಬ್ಯಾಡ."

"ಸರ್, ಅಲ್ಲಿ ಎಮ್ಮಿ ನಿಂತೈತಿ ನೋಡ್ರಿ. ಅದರ ಹೊಟ್ಟಿ ಸೈತ ತೊಯ್ದಿಲ್ಲ."

"ಎಮ್ಮಿಗೆ ಈಜು ಬರತೈತಿ. ನನಗ ಬರೂದಿಲ್ಲ."

ಹುಡುಗರು ಅವರಿಗೆ ಪುಕ್ಕಲ ಸರ್ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು. "ಅಂಜಿಕಿ ಅನ್ನೂದು ಮನಿ ನಾಯಿ ಇದ್ದಂಗ. ಬೊಗಳತೈತಿ ಅಂತ ಹೊಡದ ಓಡಿಸಬಾರದು. ಯಾಕ ಬೊಗಳಾಕತ್ತೇತಿ ಅಂತ ಎದ್ದು ಹೋಗಿ ನೋಡಬೇಕು" ಎನ್ನುತ್ತಿದ್ದರು.

ಇಂಥ ಮನುಷ್ಯ ಕೈ ಹಚ್ಚಿದ್ದಾದರೂ ಎಂಥ ಕೆಲಸಕ್ಕೆ? ಕಿಡಿ ಸೋಕಿದರೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲಕ್ಕೆ. ಅದನ್ನು ಪಾಚಿಯಿಂದ ತೆಗೆಯುವ ಹುಚ್ಚು ಅವರಿಗೆ.

ನಮ್ಮಜ್ಜಿ ಪಾಚಿಗೆ ಹಾವಸೆ ಎನ್ನುತ್ತಿದ್ದಳು. ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಾವಸೆಗೆ ಅವಳು ಹಾಕುವ ಶಾಪ ಕೇಳಿ ಬೆಳೆದವಳು ನಾನು. ಸರ್ ಅದೇ ಹಾವಸೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದಾಗ ಬೆರಗಾದೆ. ಒಂದೊಂದೂ ಹಸಿರು ಕಾಳು, ಮೂತಿಗೆ ಎರಡು ಮೀಸೆ. ಆ ಮೀಸೆ ಬಡಿಯುತ್ತ ಓಡಾಡುತ್ತಿದ್ದವು, ಜಾತ್ರೆಗೆ ಹೊತ್ತಾದವರ ಹಾಗೆ.

ಕಿಟಕಿಯ ಬಳಿ ನಾಲ್ಕು ದೊಡ್ಡ ಗಾಜಿನ ಜಾಡಿಗಳಲ್ಲಿ ಆ ಹಸಿರು ನೀರು. ಬಾಯಿಗೆ ರಬ್ಬರಿನ ಬಿರಡೆ, ಬಿರಡೆಯ ಸುತ್ತ ಮೇಣ. ಪ್ರತಿ ಜಾಡಿಯಿಂದ ಒಂದು ರಬ್ಬರ್ ಕೊಳವೆ ಹೊರಟು ನೀರಿನ ತೊಟ್ಟಿಯೊಳಗೆ ಇಳಿಯುತ್ತಿತ್ತು. ತೊಟ್ಟಿಯಲ್ಲಿ ಗಂಟೆಯಾಕಾರದ ಗಾಜಿನ ಜಾಡಿಯೊಂದು ಬಾಯಿ ಕೆಳಗಾಗಿ ನಿಂತಿತ್ತು. ಅದರ ಒಳಗೂ ನೀರು, ನೆತ್ತಿಯ ಮೇಲೆ ಪುಟ್ಟ ನಲ್ಲಿ. ಕೊಳವೆಯಿಂದ ಹೈಡ್ರೋಜನ್ ಗುಳ್ಳೆಗಳು ಏರಿ ಮೇಲೆ ಕೂಡಿದಷ್ಟೂ ಒಳಗಿನ ನೀರು ಕೆಳಗಿಳಿಯಬೇಕು. ದಿನಕ್ಕೆ ಬೆರಳಗಲ ಇಳಿದರೆ ಸರ್ ಅವತ್ತು ಎರಡು ಕಪ್ ಚಹಾ ಕುಡಿಯುತ್ತಿದ್ದರು.

"ಇದಕ್ಕ ಗಂಧಕ ಹಾಕಿಲ್ಲ ನೋಡು" ಎಂದು ಒಂದು ದಿನ ನನ್ನನ್ನು ಕೂಡಿಸಿಕೊಂಡು ಹೇಳಿದರು. "ಗಂಧಕ ಇಲ್ಲಂದ್ರ ಪಾಚಿಯೊಳಗಿನ ಆಮ್ಲಜನಕ ಮಾಡೂ ಯಂತ್ರ ಕೆಡತೈತಿ. ರಿಪೇರಿ ಮಾಡಿಕೊಳ್ಳಾಕ ಬರೂದಿಲ್ಲ. ಇದ್ದಷ್ಟು ಆಮ್ಲಜನಕ ತಾನ ಉಸಿರಾಡಿ ಮುಗಸತೈತಿ. ಬಾಯಿ ಮುಚ್ಚೇತಿ, ಹೊರಗಿಂದ ಗಾಳಿ ಬರೂದಿಲ್ಲ."

"ಹಂಗಾರ ಸಾಯ್ತಾವಲ್ರಿ ಸರ್?"

"ಲಗೂನ ಸಾಯೂದಿಲ್ಲ. ಅಲ್ಲೇ ಐತಿ ಅದರ ಶಾಣ್ಯಾತನ. ಬೆಳಕು ಬೀಳಾಕತ್ತೇತಿ, ಒಳಗ ಶಕ್ತಿ ತುಂಬಾಕತ್ತೇತಿ, ಖರ್ಚು ಮಾಡಾಕ ದಾರಿ ಇಲ್ಲ. ಆವಾಗ ಮಲಗಿದ್ದ ಒಂದು ಕಿಣ್ವ ಎದ್ದು ಕುಂದರತೈತಿ. ಕುಕ್ಕರ್ ಸೀಟಿ ಹೊಡದು ಉಗಿ ಬಿಡೂದಿಲ್ಲಾ, ಹಂಗ ಆ ಶಕ್ತೀನ ಹೈಡ್ರೋಜನ್ ಮಾಡಿ ಹೊರಗ ಬಿಡತೈತಿ. ಆದ್ರ ಆ ಕಿಣ್ವಕ್ಕ ಚೂರು ಆಮ್ಲಜನಕ ತಾಗಿತೋ, ಮುಗೀತು."

"ಅದೂ ಅಂಜುಬುರುಕ ಅನ್ರಿ."

"ನನಗಿಂತ ಜಾಸ್ತಿ" ಎಂದು ನಕ್ಕರು.

ಆ ಕೋಣೆಯಲ್ಲಿ ಬೆಂಕಿ ಕೂಡದು ಎಂಬುದೊಂದು ಅವರ ಕಟ್ಟುನಿಟ್ಟಿನ ನಿಯಮ. ಬೆಂಕಿಪೆಟ್ಟಿಗೆ ಇದ್ದವರು ಹೊಸ್ತಿಲ ಹೊರಗೇ ಬಿಟ್ಟು ಬರಬೇಕು. ಪ್ರಿನ್ಸಿಪಾಲರ ಜೇಬನ್ನೂ ಮುಟ್ಟಿ ನೋಡಿದವರು. ಬೆಂಕಿಯ ಮಾತನ್ನು ನನಗೆ ನೂರು ಸಲ ಹೇಳಿದ್ದರು. ಗಾಳಿಯ ಮಾತನ್ನು ಮಾತ್ರ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದಿರಲಿಕ್ಕಿಲ್ಲ. ನೀರಿನಲ್ಲಿ ನಿಂತ ಜಾಡಿಯನ್ನು ಯಾರಾದರೂ ಯಾಕೆ ಎತ್ತುತ್ತಾರೆ?

ನಾನು ಎತ್ತಿದೆ.

ಮಹಾನವಮಿಯ ಖಂಡೇ ಪೂಜೆ. ನಮ್ಮ ಕಡೆ ಅವತ್ತು ದುಡಿಯುವ ಸಾಮಾನೆಲ್ಲ ತೊಳೆದು, ಒರೆಸಿ, ಕುಂಕುಮ ಹಚ್ಚಿ ಕೈ ಮುಗಿಯುವುದು ಪದ್ಧತಿ. ರೈತ ಕುಂಟೆ ಕೂರಿಗೆ ತೊಳೆಯುತ್ತಾನೆ, ಟೇಲರು ಮಷಿನ್ನು ಒರೆಸುತ್ತಾನೆ. ಕೊಳೆ ಇದ್ದ ಸಾಮಾನಿಗೆ ಪೂಜೆ ಮಾಡಿದರೆ ಅದು ವರ್ಷವಿಡೀ ಕೈ ಕೊಡುತ್ತದೆ ಎಂದು ನಮ್ಮಜ್ಜಿಯ ಮಾತು. ಸರ್ ಹಬ್ಬಕ್ಕೆ ಗುತ್ತಲಕ್ಕೆ ಹೋಗಿದ್ದರು. ನಾನೊಬ್ಬಳೇ ಪ್ರಯೋಗಾಲಯದ ಬೀಗ ತೆಗೆದು ಸೂಕ್ಷ್ಮದರ್ಶಕ, ಬೀಕರು, ನಳಿಗೆ, ತಕ್ಕಡಿ ಎಲ್ಲ ಒರೆಸಿದೆ. ಗಂಟೆಜಾಡಿಯ ಅಂಚಿಗೆ ಹಸಿರು ಲೋಳೆ ಕಟ್ಟಿತ್ತು. ಇಡೀ ಕೋಣೆ ಹೊಳೆಯುವಾಗ ಅದೊಂದು ಹಾಗೇ ಬಿಡಲು ಮನಸ್ಸು ಬರಲಿಲ್ಲ. ಕೊಳವೆಗಳನ್ನು ಬದಿಗೆ ಸರಿಸಿ ಎರಡೂ ಕೈಯಿಂದ ಜಾಡಿ ಎತ್ತಿದೆ. ಒಳಗಿದ್ದ ನೀರು ದಬ್ಬನೆ ತೊಟ್ಟಿಗೆ ಬಿದ್ದು ನೆಲದ ಮೇಲೆಲ್ಲ ಹರಿಯಿತು. ನೀರು ತಾನೆ ಎಂದುಕೊಂಡೆ. ಅಂಚು ಒರೆಸಿ, ಜಾಡಿಯನ್ನು ಮೊದಲಿನಂತೆ ತೊಟ್ಟಿಯಲ್ಲಿ ನಿಲ್ಲಿಸಿ, ಕೊಳವೆ ತೂರಿಸಿ, ಕುಂಕುಮದ ಬೊಟ್ಟು ಇಟ್ಟೆ. ದೀಪವನ್ನು ಮಾತ್ರ ಹೊಸ್ತಿಲ ಹೊರಗೆ ಹಚ್ಚಿದೆ. ಸರ್ ಮಾತು ಮೀರಲಿಲ್ಲ ಎಂದು ಒಳಗೊಳಗೇ ಹೆಮ್ಮೆ ಬೇರೆ.

ದಸರೆಯ ಮರುದಿನ ಸರ್ ಬಂದರು. ಕೈಯಲ್ಲಿ ಬನ್ನಿ ಎಲೆ. "ಬಂಗಾರ ತಗೋ ತಂಗೆವ್ವ, ಬಂಗಾರದಂಗ ಇರೂಣು" ಎಂದು ಕೊಟ್ಟು, ಪಟ್ಟಿಯಿಂದ ದೀಪ ಹಚ್ಚಿ ತಿರುಗಿದವರು ಹಾಗೇ ನಿಂತುಬಿಟ್ಟರು. ಗಂಟೆಜಾಡಿಯೊಳಗಿನ ನೀರು ತೊಟ್ಟಿಯ ಮಟ್ಟಕ್ಕೇ ಇಳಿದಿತ್ತು. ಅಂದರೆ ಜಾಡಿ ತುಂಬ ಅನಿಲ! ಅದರೊಳಗೆ ಅರ್ಧಕ್ಕೂ ಮೇಲೆ ನಾನು ಹೊಗಿಸಿದ ಬರೀ ಗಾಳಿ ಎಂದು ಅವರಿಗೇನು ಗೊತ್ತು?

ಜಾಡಿಯ ಮೇಲಿನ ಕುಂಕುಮ ನೋಡಿದರು. ನನ್ನನ್ನು ನೋಡಿದರು.

"ಎತ್ತಿಲ್ಲಲ್ಲಾ ಇದನ್ನ?"

ಹಿಂದಿನ ವರ್ಷ ಒಬ್ಬ ಅಟೆಂಡರ್ ಒಂದು ಮಸೂರ ಒಡೆದಿದ್ದ. ಸಂಜೆಯೊಳಗೆ ಪ್ರಿನ್ಸಿಪಾಲರು ಅವನನ್ನು ಮನೆಗೆ ಕಳಿಸಿದ್ದರು. ಆ ಹುಡುಗನ ಮುಖ ನನ್ನ ಕಣ್ಣ ಮುಂದೆ ಬಂತು. ಮಾತು ತಾನಾಗಿಯೇ ಹೊರಬಿತ್ತು.

"ಇಲ್ರಿ ಸರ್."

ಆಗ ಅವರ ಮುಖ ನೋಡಬೇಕಿತ್ತು. ನಾಲ್ಕು ದಿನದಲ್ಲಿ ಇಷ್ಟು ಅನಿಲ ಕೊಟ್ಟ ಪಾಚಿ ಜಗತ್ತಿನಲ್ಲೇ ಇಲ್ಲವೆಂಬಂತೆ ಆ ಜಾಡಿಗಳನ್ನು ಒಂದೊಂದಾಗಿ ಸವರಿದರು. ರಬ್ಬರಿನ ಚಪ್ಪಲಿಯಲ್ಲೇ ಪ್ರಿನ್ಸಿಪಾಲರ ಕೋಣೆಗೆ ಓಡಿದರು. ಮರುದಿನ ಕಾಲೇಜನ್ನು ನೋಡಲು ಒಂದು ಸಮಿತಿ ಬರುವುದಿತ್ತು. ಅವರ ಮುಂದೆ ಪಾಚಿಯ ದೀಪ ಹಚ್ಚಿ ತೋರಿಸುವುದೆಂದು ತೀರ್ಮಾನವಾಯಿತು. ನನಗೆ ಸುಳ್ಳಿನ ಕಸಿವಿಸಿ ಇತ್ತು, ನಿಜ. ಆದರೆ ಅಷ್ಟು ಖುಷಿಯನ್ನು ಒಡೆಯುವುದು ಹೇಗೆ? ಸುಮ್ಮನಾದೆ.

ಮರುದಿನ ಪ್ರಯೋಗಾಲಯ ತುಂಬಿತ್ತು. ಸಮಿತಿಯ ಮೂವರು, ಪ್ರಿನ್ಸಿಪಾಲರು, ಹಿಂದೆ ವಿದ್ಯಾರ್ಥಿಗಳು. ಸರ್ ಪಕ್ಕದಲ್ಲಿ ರಜಿಯಾ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳು, ಕೊನೆಯ ವರ್ಷದವಳು. ಪಾಚಿಯ ಲೆಕ್ಕವನ್ನೆಲ್ಲ ಸರ್ ಜೊತೆ ಕೂತು ಅವಳೇ ಬರೆಯುತ್ತಿದ್ದಳು, ಅದಕ್ಕೇ ನಲ್ಲಿ ತಿರುಗಿಸುವ ಗೌರವ ಅವಳಿಗೆ. ನಾನು ಮೂಲೆಯಲ್ಲಿ ನೀರಿನ ಬಕೆಟ್ಟು ಹಿಡಿದು ನಿಂತಿದ್ದೆ. ಆ ಕೋಣೆಯೊಳಗೆ ಬೆಂಕಿಪೆಟ್ಟಿಗೆ ಬಂದದ್ದು ಅದೇ ಮೊದಲು, ಅದಕ್ಕೆ ಸರ್ ಅಂಜಿಕೆಯ ಏರ್ಪಾಡು.

ಸರ್ ಒಂದು ಸಣ್ಣ ನಳಿಗೆಯನ್ನು ಕೈಗೆತ್ತಿಕೊಂಡು ಹೇಳಿದರು: "ಮೊದಲ ಇಷ್ಟು ನಳಗಿಯೊಳಗ ತಗದು, ದೂರ ಒಯ್ದು ಹಚ್ಚಿ ನೋಡಬೇಕ್ರಿ. ಶುದ್ಧ ಹೈಡ್ರೋಜನ್ ಇದ್ರ ನಲ್ಲಿ ತುದಿಗೆ ದೀಪದಂಗ ತಣ್ಣಗ ಉರೀತೈತಿ. ಗಾಳಿ ಕೂಡಿತ್ತಂದ್ರ ಇದು ಜಾಡಿ ಅಲ್ಲ, ಬಾಂಬ್. ಗಾಜು ಚೂರಾಗಿ ನಿಂತವರ ಕಣ್ಣಿಗೆ ಹೊಡೀತೈತಿ."

ಗಾಳಿ ಕೂಡಿತ್ತಂದ್ರ.

ಜಾಡಿ ಎತ್ತಿದಾಗ ದಬ್ಬನೆ ಬಿದ್ದ ನೀರು ಕಿವಿಯಲ್ಲಿ ಮತ್ತೆ ಬಿತ್ತು. ಆ ನೀರು ಇದ್ದ ಜಾಗದಲ್ಲಿ ಆಮೇಲೆ ಏನು ಸೇರಿತು ಎಂದು ತಿಳಿಯಲು ಸಸ್ಯಶಾಸ್ತ್ರ ಬೇಕಿರಲಿಲ್ಲ. ಪರವಾಗಿಲ್ಲ, ನಳಿಗೆಯಲ್ಲಿ ನೋಡುತ್ತಾರಲ್ಲ, ಗೊತ್ತಾಗುತ್ತದೆ, ತಾನೇ ಗೊತ್ತಾಗುತ್ತದೆ, ನಾನು ಹೇಳಬೇಕಿಲ್ಲ ಎಂದು ಒಳಗೇ ಜಪಿಸಿದೆ.

ಸಮಿತಿಯ ಹಿರಿಯರು ನಕ್ಕರು. "ಎಷ್ಟ ಅಂಜತೀರಿ ಮಾಸ್ತರ? ನಿಮಗಿಂತ ನಿಮ್ಮ ಪಾಚೀಗೇ ಧೈರ್ಯ ಜಾಸ್ತಿ ಕಾಣತೈತಿ."

ಎಲ್ಲರೂ ನಕ್ಕರು. ಪ್ರಿನ್ಸಿಪಾಲರು ಗಡಿಯಾರ ನೋಡಿದರು. "ಟೈಮಿಲ್ರಿ ಸರ್. ಇನ್ನ ಕಂಪ್ಯೂಟರ್ ಕೋಣಿ ನೋಡೂದೈತಿ. ಅದೇನ ನಳಗಿ ಗಿಳಗಿ ಬಿಡ್ರಿ, ಹಚ್ಚಿ ತೋರಿಸ್ರಿ."

ಸರ್ ಕಿವಿ ಕೆಂಪಾದವು. ಕೈಯಲ್ಲಿದ್ದ ನಳಿಗೆಯನ್ನು ನೋಡಿದರು. ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟರು. ಜೀವಮಾನದಲ್ಲಿ ಒಂದು ಸಲ, ಮಕ್ಕಳ ಮುಂದೆ, ಧೈರ್ಯವಂತರಾಗಬೇಕು ಎನ್ನಿಸಿತೇನೋ. ನಿನ್ನೆ ನಾನು ಹೇಳಿದ "ಇಲ್ರಿ ಸರ್" ಎಂಬ ಮಾತಿನ ಮೇಲೆ ಅವರ ಧೈರ್ಯವೆಲ್ಲ ನಿಂತಿತ್ತು.

ರಜಿಯಾ ಬಗ್ಗಿ ನಲ್ಲಿಯ ಕಿವಿ ಹಿಡಿದಳು. ಉರಿ ಸಣ್ಣದಿರುತ್ತದೆ, ಸರಿಯಾಗಿ ನೋಡು ಎಂದು ಸರ್ ಮೊದಲೇ ಹೇಳಿದ್ದರಿಂದ ಮುಖ ಇನ್ನಷ್ಟು ಮುಂದೆ ತಂದಳು. ಸರ್ ಕಡ್ಡಿ ಗೀರಿದರು. ಮೊದಲ ಕಡ್ಡಿ ಮುರಿಯಿತು. ಮುರಿದದ್ದಕ್ಕೆ ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ, ಆದರೂ ಬಾಯಿ ತೆರೆಯಲಿಲ್ಲ. ಕೆಲಸ ಹೋಗುತ್ತದೆ, ಇಷ್ಟು ಜನರ ಮುಂದೆ ಸುಳ್ಳಿ ಎನ್ನಿಸಿಕೊಳ್ಳುತ್ತೇನೆ ಎಂಬುದೇ ತಲೆಯಲ್ಲಿ. ಎರಡನೆಯ ಕಡ್ಡಿ ಹತ್ತಿತು. ಅವರು ಅದನ್ನು ಅಂಗೈಯಿಂದ ಮರೆ ಮಾಡಿ ನಲ್ಲಿಯತ್ತ ತಂದರು. ರಜಿಯಾಳ ಕಣ್ಣಿನಲ್ಲಿ ಆ ಕಡ್ಡಿಯ ಬೆಳಕು ಕಂಡಿತು.

"ಬ್ಯಾಡ್ರಿ ಸರ್!"

ಚೀರಿದ್ದು ನಾನೇ ಎಂದು ತಿಳಿದದ್ದು ಬಕೆಟ್ಟು ಕೆಳಗೆ ಬಿದ್ದು ಸೀರೆ ತೊಯ್ದಾಗ.

ಸರ್ ತಿರುಗಿ ನೋಡಿದರು. ನಾನು ಜಾಡಿಯನ್ನಷ್ಟೇ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು. ಕಡ್ಡಿ ಬೆರಳಿಗೆ ಸುಡುವವರೆಗೂ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನು ತಿರುಗಿಸಿ, ಅದನ್ನು ಊದಿ ಆರಿಸಿದರು. ರಜಿಯಾಳ ಭುಜ ಹಿಡಿದು ದೂರ ನಿಲ್ಲಿಸಿದರು.

"ಕ್ಷಮಿಸ್ರಿ" ಎಂದರು ಸಮಿತಿಯವರಿಗೆ. "ಜಾಡಿ ಜೋಡಸೂದ್ರಾಗ ನಾನು ತಪ್ಪೇನಿ. ಗಾಳಿ ಹೊಕ್ಕೇತಿ. ಇವತ್ತು ತೋರಸಾಕ ಆಗೂದಿಲ್ಲ."

"ಕಡ್ಡಿ ಗೀರಿದ ಮ್ಯಾಲೆ ನೆನಪಾತೇನ್ರಿ?" ಎಂದರು ಹಿರಿಯರು. ಈ ಸಲದ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಪ್ರಿನ್ಸಿಪಾಲರು ಹಲ್ಲು ಕಚ್ಚಿಕೊಂಡು ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದರು.

ನಾವಿಬ್ಬರೇ ಉಳಿದೆವು. ಸರ್ ನನ್ನನ್ನು ಬೈಯಲಿಲ್ಲ. ಆ ಸಣ್ಣ ನಳಿಗೆಯಲ್ಲಿ ಒಂದಿಷ್ಟು ಅನಿಲ ಹಿಡಿದು, ಬಾಯಿಗೆ ಹೆಬ್ಬೆರಳು ಒತ್ತಿ, ಅಂಗಳದ ಬೇವಿನಮರದ ಕೆಳಗೆ ನಡೆದರು. ನಾನು ಹಿಂದೆ. ನಳಿಗೆಗೆ ಅರಿವೆ ಸುತ್ತಿ ಹಿಡಿದು ಕಡ್ಡಿ ತೋರಿಸಿದರು. ಠಪ್ಪೆಂದು ಬೊಗಳಿದ ಹಾಗೊಂದು ಸದ್ದು. ಮರದ ಕಾಗೆಗಳೆಲ್ಲ ಎದ್ದವು.

"ನಳಗಿಗೆ ಇಷ್ಟು" ಎಂದರು. "ಯಾವಾಗ ಎತ್ತಿದಿ?"

"ಖಂಡೇ ಪೂಜಿ ದಿನರಿ."

"ನಿನ್ನಿ ಕೇಳಿದ್ನಲ್ಲ?"

"ಅಂಜಿದೆರಿ."

"ಯಾರಿಗೆ?"

"ನಿಮಗ್ರಿ ಸರ್. ಪ್ರಿನ್ಸಿಪಾಲರಿಗೆ ಹೇಳತೀರಿ ಅಂತ."

"ನನಗ?" ಎಂದರು. ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟರು. "ನನಗ ಅಂಜಿದ್ಯಾ?" ಎಂದು ಮತ್ತೊಮ್ಮೆ ಕೇಳಿದರು. ಸಿಟ್ಟಿನಿಂದಲ್ಲ. ಊರೆಲ್ಲ ನಗುವ ಪುಕ್ಕಲನಿಗೂ ಅಂಜುವ ಒಂದು ಜೀವ ಇದೆಯೆಂದು ಅವರಿಗೆ ಅವತ್ತೇ ಗೊತ್ತಾದದ್ದು. ಅದು ಅವರಿಗೆ ಆ ಬಾಂಬಿಗಿಂತ ದೊಡ್ಡ ಹೆದರಿಕೆಯಾಯಿತೆಂದು ನನಗೆ ಕಂಡಿತು.

ಆಮೇಲೆ ಎದ್ದರು. "ಪ್ರಿನ್ಸಿಪಾಲರಿಗೆ ನಾ ಹೇಳೂದಿಲ್ಲ, ನೀನೂ ಹೇಳಬ್ಯಾಡ, ನಿನ್ನ ಅನ್ನ ಹೋಗತೈತಿ. ಆದ್ರ ರಜಿಯಾಗ ಹೇಳು. ಆಕಿ ಕಣ್ಣು ಹೋಗೂದಿತ್ತು. ಅದು ಆಕಿಗೆ ಗೊತ್ತಿರಬೇಕು. ನಾ ಹೇಳಿದ್ರ ಚಾಡಿ ಆಗತೈತಿ. ನೀನೇ ಹೇಳು."

"ಹೇಳ್ತೀನ್ರಿ" ಎಂದೆ.

ಹೇಳಲಿಲ್ಲ. ನಾಳೆ ಎಂದುಕೊಂಡೆ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅವಳು ಓದು ಮುಗಿಸಿ ಹೋದಳು. ಪ್ರಯೋಗಾಲಯ ಅಪಾಯದ ಜಾಗ ಎಂಬ ಮಾತು ಎದ್ದು ಪಾಚಿಯ ಜಾಡಿಗಳನ್ನು ಖಾಲಿ ಮಾಡಿಸಿದರು. ನಾಲ್ಕನ್ನೂ ತೊಳೆದವಳು ನಾನೇ. ಸರ್ ಮತ್ತೆ ಹೈಡ್ರೋಜನ್ನಿನ ಮಾತೆತ್ತಲಿಲ್ಲ. ಸಮಿತಿಯ ಮುಂದೆ ಕೈ ನಡುಗಿ ಕಡ್ಡಿ ಆರಿಸಿದರು ಎಂಬ ಕತೆ ಹಾವೇರಿಯವರೆಗೂ ಹೋಯಿತು. ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. "ರಜಿಯಾಗ ಹೇಳಿದ್ಯಾ?" ಎಂದು ಸರ್ ಎರಡು ಸಲ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಬಿಟ್ಟ ಮೇಲೆ ನನಗೆ ಅವರ ಎದುರು ಹೋಗಲು ಇನ್ನೂ ಅಂಜಿಕೆಯಾಗತೊಡಗಿತು. ನಿವೃತ್ತರಾಗಿ ಗುತ್ತಲಕ್ಕೆ ಹೊರಟ ದಿನ ಅವರ ಪುಸ್ತಕದ ಗಂಟನ್ನು ಬಸ್ಸಿಗೆ ಏರಿಸಿ, ಮುಖ ನೋಡದೆ ಬಂದೆ.

ಅವರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ಹಾವೇರಿಯಲ್ಲಿ ಒಂದು ಸಭೆ ಮಾಡಿದರು. ರಜಿಯಾಳೂ ಬಂದಿದ್ದಳು. ಈಗ ಅವಳೂ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಎದ್ದು ನಿಂತು ಆ ದಿನದ ಕತೆ ಹೇಳಿದಳು. ಪ್ರೀತಿಯಿಂದಲೇ ಹೇಳಿದಳು. ಸರ್ ಕಡ್ಡಿ ಹಿಡಿದು ನಡುಗಿದ್ದು, ಅವರನ್ನು ನೋಡಿ ಅಂಜಿದ ಅಟೆಂಡರ್ ಅಕ್ಕ ಚೀರಿ ಬಕೆಟ್ಟು ಬೀಳಿಸಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಸಭೆಯೆಲ್ಲ ಅಳುವಿನ ನಡುವೆ ನಕ್ಕಿತು. "ಅಕ್ಕಾರು ಎರಡು ಮಾತಾಡ್ಲಿ" ಎಂದರು ಯಾರೋ. ನಾನು ಎದ್ದೆ. ಸರ್ ಮಗಳು ಮುಂದಿನ ಸಾಲಿನಲ್ಲಿದ್ದಳು. "ಭಾಳ ಒಳ್ಳೇವರಿದ್ರು" ಎಂದಷ್ಟೇ ಹೇಳಿ ಕೂತೆ.

ಅದಾಗಿ ನಾಲ್ಕು ದಿನಕ್ಕೆ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿಯ ಸುಗ್ಗಿ. ಬಸ್ಸಿಳಿದವಳಿಗೆ ಗಂಟಲು ಕೆರೆಯಿತು, ಕೆಮ್ಮು ಬಂತು. ಕೆಮ್ಮಿನ ನೆಪದಲ್ಲಿ ಹಿಂದಿರುಗಿಬಿಡಲೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತೆ. ಕೊನೆಗೆ ರಜಿಯಾಳ ಮನೆ ಬಾಗಿಲು ತಟ್ಟಿದೆ.

"ಅಯ್ಯ ಅಕ್ಕಾರ, ಬರ್ರಿ, ಕುಂದ್ರಿ. ಚಾ ಮಾಡ್ಲ್ಯಾ?"

"ಮೊದಲ ಕೇಳವ್ವ" ಎಂದು ಎಲ್ಲ ಹೇಳಿದೆ. ಎತ್ತಿದ್ದು, ಒರೆಸಿದ್ದು, ಇಲ್ರಿ ಎಂದದ್ದು, ಬೇವಿನ ಕಟ್ಟೆಯ ಮೇಲೆ ಸರ್ ಹೇಳಿದ್ದು.

ಮುಗಿದ ಮೇಲೆ ಕೇಳಿದಳು, "ನನ್ನ ಮಾರಿ ಎಷ್ಟು ಹತ್ರ ಇತ್ರಿ?"

ನಾನು ಹೆಬ್ಬೆರಳು ಕಿರುಬೆರಳು ಚಾಚಿ ಒಂದು ಗೇಣು ತೋರಿಸಿದೆ. ಅವಳು ಆ ಗೇಣನ್ನು ನೋಡುತ್ತಲೇ ಇದ್ದಳು.

"ಮೊನ್ನಿ ಅಷ್ಟೂ ಮಂದೀನ ನಗಿಸಿದೆ. ನೀವು ಅಲ್ಲೇ ಕುಂತಿದ್ರಿ."

"ಹೌದವ್ವ. ಕುಂತಿದ್ದೆ."

"ಅವರ ಮಗಳೂ ನಕ್ಕಳ್ರಿ ಅಕ್ಕಾರ. ಅವರಪ್ಪ ಪುಕ್ಕಲ ಅಂತ ಆಕೀನೂ ನಕ್ಕಳು."

ರಜಿಯಾ ಕಣ್ಣೊರೆಸಿಕೊಂಡು ಫೋನು ತೆಗೆದಳು, ಒಂದು ನಂಬರು ಒತ್ತಿ ನನ್ನ ಕೈಯಲ್ಲಿ ಇಟ್ಟಳು. "ಹೇಳ್ರಿ" ಎಂದಳು. ಸಿಟ್ಟೋ ದುಃಖವೋ ಆ ದನಿಯಲ್ಲಿ ತಿಳಿಯಲಿಲ್ಲ.

ಆ ಕಡೆ ರಿಂಗಾಗುತ್ತಿತ್ತು. ಎತ್ತದಿರಲಿ ಎಂದು ಬೇಡಿಕೊಂಡೆ. ಎತ್ತಿದರು. ಸರ್ ಮಗಳ ದನಿ.

"ತಂಗೀ" ಎಂದೆ, "ಅವತ್ತು ಆ ಜಾಡಿ ಎತ್ತಿದಾಕಿ ನಾನು."